ಹವ್ಯಾಸದ ಸಾಮಾನಿನಲ್ಲಿ ದೋಷವಿದ್ದರೆ ಬದಲಿಸಿಕೊಡಬೇಕಾದವರು ಯಾರು?

ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ಕೊಡಗಿನಲ್ಲಿ ತೋಟದ ಕೆಲಸ ನಿಧಾನವಾಗುತ್ತದೆ. ಬೇಸಿಗೆಯಲ್ಲಿ ತರಿಸಿ ಕಪಾಟಿನಲ್ಲಿಟ್ಟಿದ್ದ ವಿಮಾನದ ಮಾದರಿ ಕಿಟ್, ಸಾವಿರ ತುಂಡುಗಳ ಜಿಗ್ಸಾ, ಟೆಲಿಸ್ಕೋಪ್, ಗಿಟಾರ್ ಇವೆಲ್ಲ ಹೊರಗೆ ಬರುವುದು ಹೆಚ್ಚಾಗಿ ಆಗಲೇ. ಪೆಟ್ಟಿಗೆ ಬಿಚ್ಚಿದರೆ ವಿಮಾನದ ಒಂದು ರೆಕ್ಕೆಗೆ ತುದಿಯೇ ಇಲ್ಲ, ಅಥವಾ ಟೆಲಿಸ್ಕೋಪಿನ ಸ್ಟ್ಯಾಂಡಿಗೆ ಬೇಕಾದ ತಿರುಪು ಇಲ್ಲ. ಅಂಗಡಿಯವರನ್ನು ಕೇಳಿದರೆ ಕಂಪನಿಗೆ ಬರೆಯಿರಿ ಎನ್ನುತ್ತಾರೆ, ಕಂಪನಿಗೆ ಬರೆದರೆ ಕೊಂಡಲ್ಲಿಯೇ ವಿಚಾರಿಸಿ ಎಂಬ ಉತ್ತರ ಬರುತ್ತದೆ. ಸಾಮಾನಿನ ಬೆಲೆ ಒಂದೆರಡು ಸಾವಿರ ರೂಪಾಯಿಯಾಗಿರುವುದರಿಂದ ಬಹಳ ಮಂದಿ ಅಲ್ಲಿಗೇ ಕೈಬಿಡುತ್ತಾರೆ, ಬದಲಿ ಭಾಗ ಸಿಕ್ಕವರು ಅದನ್ನು ಕಂಪನಿಯ ಔದಾರ್ಯವೆಂದು ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅದು ಔದಾರ್ಯವಲ್ಲ. ಆದರೆ ಕೆಟ್ಟದ್ದನ್ನೆಲ್ಲ ತಯಾರಕರೇ ಬದಲಿಸಿಕೊಡಬೇಕೆಂಬುದೂ ಸರಿಯಲ್ಲ. ಕೆಡುಕು ಎಲ್ಲಿ ಹುಟ್ಟಿತು ಎಂಬುದರ ಮೇಲೆ ಹೊಣೆ ಯಾರದೆಂಬುದು ನಿಂತಿದೆ.

ಈ ವಿಷಯದಲ್ಲಿ ನಮಗೆ ಆಧಾರವಾಗಿರುವುದು 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019. ಅದು 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ಅದರ 2(10)ನೇ ಸೆಕ್ಷನ್ ದೋಷವನ್ನು ಬಹಳ ವಿಶಾಲವಾಗಿ ವಿವರಿಸುತ್ತದೆ. ಗುಣಮಟ್ಟದಲ್ಲಿ, ಪ್ರಮಾಣದಲ್ಲಿ, ಸಾಮರ್ಥ್ಯದಲ್ಲಿ, ಶುದ್ಧತೆಯಲ್ಲಿ ಅಥವಾ ಮಾನದಂಡದಲ್ಲಿ ಇರುವ ಯಾವುದೇ ಕೊರತೆ ದೋಷವೇ ಆಗುತ್ತದೆ. ಆ ಮಾನದಂಡ ಕಾನೂನಿನಿಂದ ಬಂದಿರಬಹುದು, ಒಪ್ಪಂದದಿಂದ ಬಂದಿರಬಹುದು, ಅಥವಾ ವ್ಯಾಪಾರಿ ತಾನೇ ಹೇಳಿಕೊಂಡದ್ದಾಗಿರಬಹುದು. ಹವ್ಯಾಸಿಗಳ ಮಟ್ಟಿಗೆ ಇಲ್ಲಿರುವ ಎರಡು ಅಂಶಗಳು ಮುಖ್ಯ. ಪ್ರಮಾಣದ ಕೊರತೆಯೂ ದೋಷವಾದ್ದರಿಂದ ಸಾವಿರ ತುಂಡೆಂದು ಬರೆದ ಪೆಟ್ಟಿಗೆಯಲ್ಲಿ 999 ತುಂಡುಗಳಿದ್ದರೆ, ಒಂದೇ ತುಂಡಲ್ಲವೇ ಎಂಬ ಸಮಜಾಯಿಷಿಗೆ ಬೆಲೆಯಿಲ್ಲ. ಇನ್ನು, ಪೆಟ್ಟಿಗೆಯ ಮೇಲೆ ಅಚ್ಚಾದ ಮಾತು ಬರೀ ಜಾಹೀರಾತಾಗಿ ಉಳಿಯದೆ ಮಾನದಂಡವೇ ಆಗುತ್ತದೆ.

ಕೊಡಗಿಗೆ ಹತ್ತಿರದ ಉದಾಹರಣೆಯೆಂದರೆ ಹಾಕಿ ಸ್ಟಿಕ್. ಪಾಂಡಂಡ ಕುಟ್ಟಪ್ಪನವರ ಮುತುವರ್ಜಿಯಿಂದ 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಿಂದಾಗಿ ವೃತ್ತಿಯ ಆಟಗಾರರಲ್ಲದವರ ಮನೆಗಳಲ್ಲೂ ಸ್ಟಿಕ್ ಇದ್ದೇ ಇರುತ್ತದೆ. ಅಂತರರಾಷ್ಟ್ರೀಯ ಹಾಕಿ ನಿಯಮದ ಪ್ರಕಾರ ಸ್ಟಿಕ್ಕಿನ ತೂಕ 737 ಗ್ರಾಂ ಮೀರಬಾರದು, ಅದು 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ತೂರಿಹೋಗಬೇಕು, ಬಾಗು 25 ಮಿಲಿಮೀಟರ್ ದಾಟಬಾರದು. ಈ ನಿಯಮ ನಮ್ಮ ದೇಶದ ಶಾಸನವಲ್ಲ, ಆದ್ದರಿಂದ ಬಾಗು ಹೆಚ್ಚಿರುವ ಸ್ಟಿಕ್ ಮಾರುವುದು ತಾನಾಗಿ ತಪ್ಪೇನೂ ಅಲ್ಲ. ಆದರೆ ಪಂದ್ಯಕ್ಕೆ ಅರ್ಹವಾದ ಸ್ಟಿಕ್ ಎಂದು ಅದರ ಮೇಲೆ ಬರೆದು ಮಾರಿದ್ದರೆ, ಅಳತೆಯಲ್ಲಿ ಸೋತ ಸ್ಟಿಕ್ ದೋಷಯುಕ್ತ ಸರಕಾಗುತ್ತದೆ. ಇಂಥ ದೋಷವನ್ನು ಒಂದು ಅಳತೆಪಟ್ಟಿಯಿಂದ ಸಾಬೀತು ಮಾಡಬಹುದು. ಆಡುವಾಗ ಸ್ಟಿಕ್ ಮುರಿಯಿತು ಎಂಬ ದೂರಿಗೆ ಆ ಅನುಕೂಲವಿಲ್ಲ. ಪೆಟ್ಟು ತಿನ್ನುವುದಕ್ಕೆಂದೇ ಮಾಡಿದ ವಸ್ತು ಮುರಿದದ್ದು ಪೆಟ್ಟಿನಿಂದಲೋ ಒಳಗಿನ ಕಾರ್ಬನ್ ಪದರಗಳು ಸರಿಯಾಗಿ ಅಂಟದೆ ಇದ್ದುದರಿಂದಲೋ ಎಂಬುದು ವಾದದ ವಿಷಯವಾಗುತ್ತದೆ.

ಕೆಡುಕಿನ ಮೂಲವನ್ನು ಗುರುತಿಸುವುದು ಹಲವು ಸಲ ಕಣ್ಣಿನಿಂದಲೇ ಸಾಧ್ಯ. ಪ್ಲಾಸ್ಟಿಕ್ ಮಾದರಿ ಕಿಟ್ ತಯಾರಾಗುವ ಬಗೆಯನ್ನು ನೋಡೋಣ. ಪಾಲಿಸ್ಟೈರೀನ್ ಕಾಳುಗಳನ್ನು ಕಾಯಿಸಿ ಕರಗಿಸಿ, ಉಕ್ಕಿನ ಎರಡು ಹೋಳುಗಳಿರುವ ಅಚ್ಚಿನೊಳಕ್ಕೆ ಭಾರೀ ಒತ್ತಡದಲ್ಲಿ ನುಗ್ಗಿಸುತ್ತಾರೆ. ಒತ್ತಡವೋ ಶಾಖವೋ ಕಡಿಮೆಯಾದರೆ, ಅಚ್ಚಿನ ಮೂಲೆಗೆ ತಲುಪುವ ಮೊದಲೇ ಗಟ್ಟಿಯಾದ ಬೆಲ್ಲದ ಹಾಗೆ, ಪ್ಲಾಸ್ಟಿಕ್ ದಾರಿಯಲ್ಲೇ ನಿಂತುಬಿಡುತ್ತದೆ. ಹಾಗೆ ಅರ್ಧಕ್ಕೆ ನಿಂತ ರೆಕ್ಕೆಯ ಅಂಚು ನುಣ್ಣಗೆ ದುಂಡಾಗಿ, ಸ್ವಲ್ಪ ಹೊಳಪಾಗಿ ಇರುತ್ತದೆ. ಸಾಗಣೆಯಲ್ಲಿ ಮುರಿದ ರೆಕ್ಕೆಯ ಅಂಚು ಒರಟಾಗಿದ್ದು, ಮುರಿದ ಕಡೆ ಬಿಳಿಚಿಕೊಂಡಿರುತ್ತದೆ. ಮುರಿದ ತುಂಡೂ ಬಹುಮಟ್ಟಿಗೆ ಪೆಟ್ಟಿಗೆಯೊಳಗೇ ಸಿಗುತ್ತದೆ. ಅಚ್ಚಿನ ಎರಡು ಹೋಳುಗಳು ಸರಿಯಾಗಿ ಕೂಡದಿದ್ದರೆ ಭಾಗದ ಸುತ್ತ ತೆಳುವಾದ ಪೊರೆಯಂತಹ ಹೆಚ್ಚುವರಿ ಪ್ಲಾಸ್ಟಿಕ್ ಉಳಿಯುತ್ತದೆ. ಹಳೆಯ ಅಚ್ಚುಗಳಲ್ಲಿ ಇದು ಸಾಮಾನ್ಯ, ಚಾಕುವಿನಲ್ಲಿ ಕೆರೆದು ತೆಗೆಯುವಂಥದ್ದು. ಇದನ್ನೂ ದೋಷವೆಂದು ದೂರುವುದು ನನ್ನ ದೃಷ್ಟಿಯಲ್ಲಿ ಅತಿಯಾಯಿತು. ರೆಕ್ಕೆ ಅರ್ಧಕ್ಕೆ ನಿಂತದ್ದು ಮಾತ್ರ ಸಂಶಯವೇ ಇಲ್ಲದ ಕಾರ್ಖಾನೆಯ ದೋಷ. ಅಂಚಿನ ಹತ್ತಿರದ ಒಂದು ಫೋಟೋ ತೆಗೆದು ಕಳಿಸಿದರೆ, ಅಚ್ಚಿನ ಕೆಲಸ ಬಲ್ಲ ಯಾರೂ ಅದನ್ನು ಬಳಕೆದಾರನ ತಲೆಗೆ ಕಟ್ಟಲಾರರು.

ಬೈನಾಕ್ಯುಲರಿನಲ್ಲಿ ವಿಷಯ ಇಷ್ಟು ಸುಲಭವಲ್ಲ. ನಾಗರಹೊಳೆಯ ಅಂಚಿನಲ್ಲಿ ಹಕ್ಕಿ ನೋಡಲು ಹೊಸ ಬೈನಾಕ್ಯುಲರ್ ಕೊಂಡವರಿಗೆ, ದೂರದ ಮರ ಎರಡಾಗಿ ಕಾಣುವುದೋ, ಸ್ವಲ್ಪ ಹೊತ್ತಿನಲ್ಲೇ ತಲೆನೋವು ಬರುವುದೋ ಆದರೆ, ಎರಡು ಕೊಳವೆಗಳ ದೃಷ್ಟಿರೇಖೆಗಳು ಒಂದಕ್ಕೊಂದು ಸಮಾಂತರವಾಗಿಲ್ಲವೆಂದು ಅರ್ಥ. ಒಳಗಿನ ಪಟ್ಟಕಗಳನ್ನು ಕಾರ್ಖಾನೆಯಲ್ಲಿ ಸರಿಯಾಗಿ ಕೂರಿಸದಿದ್ದರೂ ಹೀಗಾಗುತ್ತದೆ, ಘಟ್ಟದ ರಸ್ತೆಯಲ್ಲಿ ಬಂದ ಪಾರ್ಸೆಲ್ ಬಿದ್ದಿದ್ದರೂ ಹೀಗೇ ಆಗುತ್ತದೆ. ಹೊರಗಿನಿಂದ ನೋಡಿ ವ್ಯತ್ಯಾಸ ಹೇಳಲಾಗದು. ಆನ್‌ಲೈನ್‌ನಲ್ಲಿ ಕೊಂಡವರಿಗೆ ಆ ಜಿಜ್ಞಾಸೆ ಅನಗತ್ಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೋಷವಿರುವ, ಕೊರತೆಯಿರುವ ಅಥವಾ ತೋರಿಸಿದ ವಿವರಣೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು, ಹಣ ಮರಳಿಸಲು ಮಾರಾಟಗಾರ ನಿರಾಕರಿಸುವಂತಿಲ್ಲ. ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಅದನ್ನು ಬಗೆಹರಿಸಬೇಕು. ಕಾರ್ಖಾನೆಯೋ ಕೊರಿಯರೋ ಎಂಬ ಲೆಕ್ಕವನ್ನು ಅವರವರೇ ತೀರಿಸಿಕೊಳ್ಳಲಿ.

ಮೂರನೆಯ ಬಗೆಯ ಕೆಡುಕು ನಮ್ಮ ಹವೆಯದು, ಇದನ್ನು ಕೊಡಗಿನವರು ಒಪ್ಪಿಕೊಳ್ಳಲೇಬೇಕು. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ಮನೆಯಲ್ಲಿ, ಚರ್ಮದ ಚೀಲದಲ್ಲಿ ಮುಚ್ಚಿಟ್ಟ ಕ್ಯಾಮೆರಾ ಲೆನ್ಸಿನೊಳಗೆ ಜೇಡರ ಬಲೆಯಂತಹ ಬಿಳಿ ಬೂಸ್ಟು ಹಿಡಿಯುತ್ತದೆ. ಅದು ಶಿಲೀಂಧ್ರ. ಗಾಳಿಯ ತೇವ ಬಹಳ ದಿನ ಹೆಚ್ಚಾಗಿಯೇ ಉಳಿದು, ಬೆಳಕು ಮತ್ತು ಗಾಳಿಯಾಟವಿಲ್ಲದ ಕಡೆ ಅದು ಬೆಳೆಯುತ್ತದೆ. ಲೆನ್ಸ್ ತಯಾರಕರು ಸಾಮಾನ್ಯವಾಗಿ ಇದನ್ನು ವಾರಂಟಿಯಿಂದ ಹೊರಗಿಡುತ್ತಾರೆ, ಹಾಗೆ ಇಡುವುದು ಅನ್ಯಾಯವೆಂದು ಹೇಳಲೂ ಬರುವುದಿಲ್ಲ. ಗಿಟಾರಿನ ಕತ್ತು ತೇವಕ್ಕೆ ಬಾಗುವುದೂ ಬಹುಪಾಲು ಇದೇ ಗುಂಪಿಗೆ ಸೇರಿದ್ದು. ಆದರೆ ಹೊಸ ಲೆನ್ಸಿನ ಪೆಟ್ಟಿಗೆ ಬಿಚ್ಚಿದ ದಿನವೇ ಬೂಸ್ಟು ಕಂಡರೆ ಕಥೆ ಬೇರೆ. ಅದು ಗೋದಾಮಿನಲ್ಲಿ ಹಿಡಿದದ್ದು, ನಿಮ್ಮ ಮನೆಯ ಮಳೆಗೂ ಅದಕ್ಕೂ ಸಂಬಂಧವಿಲ್ಲ. ಪೆಟ್ಟಿಗೆ ಬಿಚ್ಚುವುದನ್ನು ವಿಡಿಯೊ ಮಾಡಿಟ್ಟುಕೊಳ್ಳುವ ಈಗಿನ ಹುಡುಗರ ಅಭ್ಯಾಸವನ್ನು ನಾವು ನಗೆಯಾಡುವುದುಂಟು. ಇಂಥ ಕಡೆ ಅದೇ ಸಾಕ್ಷಿ.

ಈಗ ಬಹಳ ಮಂದಿ ಗೊಂದಲಕ್ಕೆ ಬೀಳುವ ಜಾಗಕ್ಕೆ ಬರೋಣ. 2019ರ ಕಾಯ್ದೆ ಉತ್ಪನ್ನ ಹೊಣೆಗಾರಿಕೆ ಎಂಬ ಹೊಸ ಅಧ್ಯಾಯವನ್ನು ತಂದಿತು, ಸೆಕ್ಷನ್ 82ರಿಂದ 87ರವರೆಗೆ ಅದರ ವ್ಯಾಪ್ತಿ. ತಯಾರಿಕೆಯಲ್ಲಿ ದೋಷವಿದ್ದರೆ, ವಿನ್ಯಾಸವೇ ದೋಷಪೂರಿತವಾಗಿದ್ದರೆ, ತನ್ನದೇ ನಿರ್ದಿಷ್ಟ ಅಳತೆಗಳಿಂದ ತಯಾರಕ ತಪ್ಪಿದ್ದರೆ, ಕೊಟ್ಟ ವಾರಂಟಿಗೆ ವಸ್ತು ಹೊಂದದಿದ್ದರೆ, ಅಥವಾ ಸರಿಯಾದ ಬಳಕೆಯ ಸೂಚನೆಯನ್ನೂ ಎಚ್ಚರಿಕೆಯನ್ನೂ ಸಾಕಷ್ಟು ಕೊಡದಿದ್ದರೆ, ಅದರಿಂದಾದ ಹಾನಿಗೆ ತಯಾರಕನೇ ಹೊಣೆ ಎಂದು 84ನೇ ಸೆಕ್ಷನ್ ಹೇಳುತ್ತದೆ. ಇದನ್ನು ಓದಿದವರು, ತಮ್ಮ ಕಿಟ್ ಬದಲಿಸಿಕೊಡಬೇಕೆಂಬ ಹಕ್ಕು ಈ ಅಧ್ಯಾಯದಲ್ಲಿದೆ ಎಂದುಕೊಳ್ಳುತ್ತಾರೆ. ಅದು ಇಲ್ಲಿಲ್ಲ. ಕಾಯ್ದೆಯ ಪ್ರಕಾರ ಹಾನಿ ಎಂದರೆ ದೇಹಕ್ಕೆ, ಮನಸ್ಸಿಗೆ ಅಥವಾ ಬೇರೆ ಸ್ವತ್ತಿಗೆ ಆದ ಹಾನಿ. ಆ ಉತ್ಪನ್ನಕ್ಕೇ ಆದ ಕೆಡುಕನ್ನು 2(22)ನೇ ಸೆಕ್ಷನ್ ಅದರಿಂದ ಬಿಟ್ಟಿದೆ. ವಸ್ತುವನ್ನು ಬದಲಿಸಿಕೊಡುವ ವಿಷಯ ಬರುವುದು 39ನೇ ಸೆಕ್ಷನ್‌ನಲ್ಲಿ. ದೋಷ ಸಾಬೀತಾದಾಗ ಅದನ್ನು ಸರಿಪಡಿಸಲು, ಅದೇ ಬಗೆಯ ದೋಷವಿಲ್ಲದ ಹೊಸ ವಸ್ತು ಕೊಡಲು, ಇಲ್ಲವೇ ಬೆಲೆಯನ್ನು ಬಡ್ಡಿಯೊಡನೆ ಮರಳಿಸಲು ಜಿಲ್ಲಾ ಗ್ರಾಹಕರ ಆಯೋಗ ಆದೇಶಿಸಬಹುದು, ಪರಿಹಾರವನ್ನೂ ಕೊಡಿಸಬಹುದು.

ಒಂದೇ ಘಟನೆಯಲ್ಲಿ ಎರಡೂ ಸೇರಿಕೊಳ್ಳುವುದುಂಟು. ರಿಮೋಟ್ ವಿಮಾನಗಳಿಗೆ ಬಳಸುವ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಅದರ ಒಂದು ಕೋಶ ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ, ಸುಮಾರು 3 ವೋಲ್ಟ್‌ಗಿಂತ ಕೆಳಗೆ ಇಳಿಸಿದರೆ ಹಾಳಾಗುತ್ತದೆ, ತಿಂಗಳುಗಟ್ಟಲೆ ಇಡಬೇಕಾದರೆ ಸುಮಾರು 3.8 ವೋಲ್ಟ್‌ನಲ್ಲಿ ಇಡಬೇಕು. ಮಳೆಗಾಲದಲ್ಲಿ ಇಲ್ಲಿ ಯಾರೂ ವಿಮಾನ ಹಾರಿಸುವುದಿಲ್ಲ. ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿ ಜೂನ್‌ನಿಂದ ಹಾಗೆಯೇ ಉಳಿದು, ಅಕ್ಟೋಬರ್‌ನಲ್ಲಿ ನೋಡಿದಾಗ ಹೊಟ್ಟೆ ಉಬ್ಬಿಸಿಕೊಂಡಿರುತ್ತದೆ. ಇದು ಬಳಕೆದಾರನ ಅಜಾಗ್ರತೆಯೆಂದು ಕಂಪನಿ ಹೇಳಬಹುದು. ಆದರೆ ಹೇಗೆ ಇಡಬೇಕೆಂಬ ಸೂಚನೆ ಕೈಪಿಡಿಯಲ್ಲಿ ಎಲ್ಲಿಯೂ ಇಲ್ಲದಿದ್ದರೆ ಆ ಮಾತು ಅಷ್ಟು ಗಟ್ಟಿಯಾಗಿ ನಿಲ್ಲದು. ಅದೇ ಬ್ಯಾಟರಿ ಚಾರ್ಜ್ ಆಗುವಾಗ ಹೊತ್ತಿಕೊಂಡು ಮೇಜನ್ನು ಸುಟ್ಟರೆ, ಮೇಜಿನ ನಷ್ಟಕ್ಕೆ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ, ಬ್ಯಾಟರಿಯ ಬದಲಿಗೆ ದೋಷದ ಸಾಮಾನ್ಯ ದೂರು. ಅರ್ಜಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ವಾರಂಟಿ ಮುಗಿದಿದೆ ಎಂಬ ಒಂದೇ ಮಾತಿನಿಂದ ಬಾಗಿಲು ಮುಚ್ಚಿಹೋಗುವುದಿಲ್ಲ. ವಾರಂಟಿಯು ತಯಾರಕ ತಾನಾಗಿ ಕೊಟ್ಟ ಮಾತು, ಅದರ ಅವಧಿಯನ್ನು ಅವನೇ ಗೊತ್ತುಮಾಡುತ್ತಾನೆ. ಕಾನೂನು ಹೊರಿಸಿದ ಹೊಣೆ ಅದಕ್ಕಿಂತ ಬೇರೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್, ಅಂಥ ಸರಕಿನ ವ್ಯಾಪಾರಿಯಿಂದ ವಿವರಣೆಯ ಮೇಲೆ ಕೊಂಡ ವಸ್ತು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ಬಾಯಿಬಿಟ್ಟು ಹೇಳದಿದ್ದರೂ ಇದ್ದೇ ಇರುತ್ತದೆ ಎನ್ನುತ್ತದೆ. ಆದರೆ ಅದೇ ಸೆಕ್ಷನ್ ಕೊಳ್ಳುವವರ ಮೇಲೂ ಸ್ವಲ್ಪ ಭಾರ ಹಾಕಿದೆ. ಕೊಳ್ಳುವಾಗ ಪರೀಕ್ಷಿಸಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಾಣಲೇಬೇಕಿದ್ದ ದೋಷದ ಬಗ್ಗೆ ಆಮೇಲೆ ತಕರಾರು ಎತ್ತಲಾಗದು. ರೆಕ್ಕೆ ಅರ್ಧಕ್ಕೆ ನಿಂತದ್ದನ್ನು ಕಂಡೂ ಅಂಟಿಸಿ ಬಣ್ಣ ಬಳಿದವರು ಇಡೀ ಕಿಟ್ಟನ್ನು ತಿರಸ್ಕರಿಸುವ ಹಕ್ಕನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತಾರೆ. ಒಪ್ಪಿಕೊಂಡ ಸರಕಿಗೆ ನಷ್ಟ ಕೇಳಬಹುದೇ ಹೊರತು ಹಿಂದಿರುಗಿಸುವುದು ಕಷ್ಟ.

ಅಂಗಡಿಯ ಗೋಡೆಯ ಮೇಲೋ ಬಿಲ್ಲಿನ ಕೆಳಗೋ ಇರುವ 'ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ' ಎಂಬ ಸಾಲು ದೋಷವಿಲ್ಲದ ಸರಕಿಗಷ್ಟೇ ಅನ್ವಯ. ದೋಷವಿದ್ದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಹವ್ಯಾಸದ ಸಾಮಾನುಗಳಲ್ಲಿ ದೊಡ್ಡ ಪಾಲು ಹೊರದೇಶದ್ದು, ತೊಡಕು ಹೆಚ್ಚಾಗುವುದೂ ಅಲ್ಲಿಯೇ. ಜಪಾನಿನಲ್ಲೋ ಚೀನಾದಲ್ಲೋ ಇರುವ ತಯಾರಕರನ್ನು ಮಡಿಕೇರಿಯಿಂದ ಹಿಡಿಯುವುದು ಹೇಗೆ? ಡೆನ್ಮಾರ್ಕಿನ ಲೆಗೊ ಕಂಪನಿಯಂತೆ, ಕಾಣೆಯಾದ ತುಂಡನ್ನು ಕೇಳಿದರೆ ಕಳಿಸಿಕೊಡುವ ವ್ಯವಸ್ಥೆಯನ್ನು ತಾವಾಗಿಯೇ ಇಟ್ಟುಕೊಂಡವರಿದ್ದಾರೆ. ಇಡೀ ಪೆಟ್ಟಿಗೆ ಬದಲಿಸುವುದಕ್ಕಿಂತ ಒಂದು ತುಂಡು ಕಳಿಸುವುದು ಅವರಿಗೂ ಅಗ್ಗ. ಹಾಗಿಲ್ಲದವರ ವಿಷಯದಲ್ಲಿ ಕಾಯ್ದೆ ಒಂದು ದಾರಿ ಮಾಡಿದೆ. ಆಮದು ಮಾಡಿ ಮಾರುವವನೂ ಕಾಯ್ದೆಯ ಲೆಕ್ಕದಲ್ಲಿ ಉತ್ಪನ್ನದ ಮಾರಾಟಗಾರನೇ. ತಯಾರಕ ಯಾರೆಂದು ತಿಳಿಯದಿದ್ದರೆ, ಅವನಿಗೆ ನೋಟಿಸ್ ಮುಟ್ಟಿಸಲಾಗದಿದ್ದರೆ, ಅಥವಾ ಅವನು ಭಾರತದ ಕಾನೂನಿನ ವ್ಯಾಪ್ತಿಗೆ ಬಾರದಿದ್ದರೆ, ಹಾನಿಯ ಹೊಣೆ ಮಾರಾಟಗಾರನ ಮೇಲೆ ಬೀಳುತ್ತದೆ ಎಂದು 86ನೇ ಸೆಕ್ಷನ್ ಹೇಳುತ್ತದೆ. ಬದಲಿ ವಸ್ತುವಿಗಾಗಿ ಕೊಡುವ ದೂರಿನಲ್ಲಿಯೂ ಅಂಗಡಿ, ಆಮದುದಾರ, ತಯಾರಕ ಮೂವರನ್ನೂ ಎದುರುಗಾರರನ್ನಾಗಿ ಸೇರಿಸುವುದು ಜಾಣತನ. ಪೊಟ್ಟಣದ ಸರಕುಗಳ ಕುರಿತ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದುದಾರನ ಹೆಸರು, ವಿಳಾಸ, ಮೂಲ ದೇಶ ಮತ್ತು ದೂರಿಗೆ ಸಂಪರ್ಕಿಸಬೇಕಾದ ವಿವರ ಪೆಟ್ಟಿಗೆಯ ಮೇಲೆ ಇರಲೇಬೇಕು. ಹೆಚ್ಚಾಗಿ ಅದು ಒಂದು ಸಣ್ಣ ಬಿಳಿ ಚೀಟಿಯಲ್ಲಿರುತ್ತದೆ, ಪೆಟ್ಟಿಗೆ ಹರಿಯುವಾಗ ಮೊದಲು ಹಾಳಾಗುವುದೂ ಅದೇ ಚೀಟಿ. ಅದೇ ಇಲ್ಲದ ಪೆಟ್ಟಿಗೆ ಎಂದರೆ ಸರಿಯಾದ ದಾರಿಯಲ್ಲಿ ಬಂದ ಸರಕಲ್ಲವೆಂದು ಅನುಮಾನಿಸಬೇಕು. ಹಾಗೆ ಬಂದ ವಸ್ತುವಿಗೆ ತಯಾರಕರ ವಾರಂಟಿ ಇಲ್ಲಿ ನಡೆಯದಿರುವ ಸಂಭವವೇ ಹೆಚ್ಚು.

ಐಎಸ್ಐ ಗುರುತಿನ ವಿಷಯವನ್ನೂ ಇಲ್ಲೇ ಹೇಳಿಬಿಡಬಹುದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯ, ಆದರೆ ಆ ಆದೇಶ 14 ವರ್ಷಕ್ಕಿಂತ ಚಿಕ್ಕ ಮಕ್ಕಳ ಆಟಿಕೆಗಳಿಗೆ ಸಂಬಂಧಿಸಿದ್ದು. ದೊಡ್ಡವರಿಗೆಂದೇ ತಯಾರಿಸಿ 14+ ಎಂದು ಬರೆದ ಮಾದರಿ ಕಿಟ್ಟಿನಲ್ಲಿ ಆ ಗುರುತು ಇಲ್ಲವೆಂಬುದಷ್ಟೇ ದೋಷವಾಗದು.

ಇನ್ನು, ದೂರು ಕೊಡಲು ಯಾರು ಅರ್ಹರು ಎಂಬುದು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಈ ಕಾಯ್ದೆಯಡಿ ಗ್ರಾಹಕರಲ್ಲ. ಹೋಂಸ್ಟೇ ಇರುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ವಿಷಯವಲ್ಲ. ಸ್ವಂತಕ್ಕೆ ಕೊಂಡ ಟೆಲಿಸ್ಕೋಪನ್ನು ಬಂದ ಅತಿಥಿಗಳಿಗೂ ಒಮ್ಮೊಮ್ಮೆ ತೋರಿಸಿದರೆ ತೊಂದರೆಯಿಲ್ಲವೆಂದೇ ನನ್ನ ಅಭಿಪ್ರಾಯ. ಆದರೆ ನಕ್ಷತ್ರ ವೀಕ್ಷಣೆಗೆ ಬೇರೆ ದರ ನಿಗದಿ ಮಾಡಿ, ಹೋಂಸ್ಟೇಯ ಹೆಸರಿನಲ್ಲೇ ಬಿಲ್ ಮಾಡಿಸಿ ಕೊಂಡದ್ದಾದರೆ ಎದುರುಗಾರರ ವಕೀಲರು ಮೊದಲು ಎತ್ತುವ ಆಕ್ಷೇಪ ಅದೇ ಆಗಿರುತ್ತದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲು ಮಾತ್ರ ಕೊಂಡವರಿಗೆ, ಉದಾಹರಣೆಗೆ ತಾನೊಬ್ಬನೇ ಮದುವೆಗಳ ಫೋಟೋ ತೆಗೆದು ಬದುಕುವವನಿಗೆ, ಕಾಯ್ದೆ ವಿನಾಯಿತಿ ಕೊಟ್ಟಿದೆ. ಗ್ರಾಹಕನಲ್ಲವೆಂದಾದರೂ ಸರಕು ಮಾರಾಟ ಕಾಯ್ದೆಯಡಿ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ದಾರಿ ಉಳಿದಿರುತ್ತದೆ, ಅದು ಉದ್ದದ ದಾರಿ ಅಷ್ಟೆ. ಪರಿಚಯದವರಿಂದ ಕೈಬದಲಾಗಿ ಕೊಂಡ ಹಳೆಯ ಸಾಮಾನಿಗೆ ಅವರ ವಿರುದ್ಧ ಗ್ರಾಹಕ ದೂರು ನಡೆಯದು, ಏಕೆಂದರೆ ಅವರು ವ್ಯಾಪಾರಿಗಳಲ್ಲ.

ಕ್ರಮವಾಗಿ ಹೋಗುವುದಾದರೆ ಮೊದಲು ತಯಾರಕರಿಗೂ ಮಾರಿದವರಿಗೂ ಒಂದೇ ದಿನ ಇಮೇಲ್ ಕಳಿಸಬೇಕು. ಬಿಲ್ಲಿನ ಪ್ರತಿ, ಪೆಟ್ಟಿಗೆಯ ಮೇಲಿನ ಬ್ಯಾಚ್ ಸಂಖ್ಯೆ, ದೋಷದ ಫೋಟೋ, ಕಿಟ್ ಆದರೆ ಭಾಗದ ಅಕ್ಷರ ಮತ್ತು ಸಂಖ್ಯೆ ಅದರಲ್ಲಿರಲಿ. ಆ ಅಕ್ಷರ-ಸಂಖ್ಯೆಯಿಲ್ಲದೆ 'ಎಡಗಡೆಯ ರೆಕ್ಕೆ' ಎಂದು ಬರೆದರೆ ಬೇರೆ ಯಾವುದೋ ತುಂಡು ಬಂದು ಕೂರುತ್ತದೆ. ವಸ್ತುವನ್ನು ದೆಹಲಿಗೋ ಮುಂಬೈಗೋ ನಿಮ್ಮದೇ ಖರ್ಚಿನಲ್ಲಿ ಕಳಿಸಿ ಎಂದರೆ ಕಳಿಸುವ ಮೊದಲು ಆ ಖರ್ಚನ್ನು ಯಾರು ಹೊರುತ್ತಾರೆಂದು ಬರಹದಲ್ಲೇ ಕೇಳಬೇಕು, ರಶೀದಿ ಇಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು. ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೆ ದೂರನ್ನು ಕಂಪನಿಗೆ ಮುಟ್ಟಿಸುತ್ತದೆ. ಎಂಟುನೂರು ರೂಪಾಯಿಯ ಕಿಟ್ಟಿಗೆ ಅಷ್ಟು ಒತ್ತಡವೇ ಹಲವು ಸಲ ಸಾಕಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ತಕರಾರು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಮಾತ್ರ ಹೂಡಬೇಕೆಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೂ ಹೆದರಬೇಕಿಲ್ಲ, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು 34ನೇ ಸೆಕ್ಷನ್ ಹೇಳುತ್ತದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ದೂರನ್ನು ಆನ್‌ಲೈನ್‌ನಲ್ಲಿ ಸಲ್ಲಿಸಿ ವಿಡಿಯೊ ಮೂಲಕ ವಿಚಾರಣೆಗೆ ಹಾಜರಾಗುವ ಅವಕಾಶವನ್ನೂ ಕೇಳಿಕೊಳ್ಳಬಹುದು. ಕುಟ್ಟದಿಂದ ಮಡಿಕೇರಿಗೆ ಬಸ್ಸು ಹಿಡಿಯಬೇಕಾದವರಿಗೆ ಇದರ ಬೆಲೆ ಗೊತ್ತು. ಕಣ್ಣಿಗೆ ಕಾಣದ ದೋಷವಾದರೆ ಆಯೋಗ ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತದೆ, ವರದಿಗೆ 45 ದಿನ, ಪರೀಕ್ಷೆಯ ಶುಲ್ಕವನ್ನು ದೂರುದಾರ ಮೊದಲು ಕಟ್ಟಬೇಕಾಗಬಹುದು. ಪರೀಕ್ಷೆ ಬೇಕಿಲ್ಲದ ದೂರನ್ನು ಮೂರು ತಿಂಗಳಲ್ಲಿ, ಬೇಕಾದದ್ದನ್ನು ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದೆಯಾದರೂ ಎಲ್ಲ ದೂರುಗಳೂ ಅಷ್ಟರಲ್ಲಿ ಮುಗಿಯುತ್ತವೆಂದು ನಂಬಿ ಕೂರಬಾರದು.

ಹವ್ಯಾಸಿಗಳಿಗೆ ನಿಜವಾಗಿ ಮುಳುವಾಗುವುದು ಕಾಲಮಿತಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ತಡವಾದರೆ ಸಾಕಷ್ಟು ಕಾರಣ ತೋರಿಸಬೇಕು. ರಿಯಾಯಿತಿ ಸಿಕ್ಕಾಗ ಕೊಂಡು, ಬಿಚ್ಚದೆ, ಪೇರಿಸಿಡುವ ಅಭ್ಯಾಸ ಮಾದರಿ ಕಟ್ಟುವವರಲ್ಲಿ ವಿಪರೀತ. ಮೂರು ವರ್ಷದ ಮೇಲೆ ಪೆಟ್ಟಿಗೆ ಬಿಚ್ಚಿ, ದೋಷ ಇವತ್ತು ಗೊತ್ತಾಯಿತು ಎಂದರೆ, ಕೊಂಡಾಗಲೇ ನೋಡಬಹುದಿತ್ತಲ್ಲ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರವಿರುವುದಿಲ್ಲ. ಕಟ್ಟುವುದು ಯಾವಾಗಲಾದರೂ ಆಗಲಿ, ತಂದ ವಾರದಲ್ಲೇ ಬಿಚ್ಚಿ, ಭಾಗಗಳನ್ನು ಪಟ್ಟಿಯೊಡನೆ ತಾಳೆ ನೋಡಿ, ಮತ್ತೆ ಮುಚ್ಚಿಡಬೇಕು.

ತಡ ಮಾಡಿದರೆ ಇನ್ನೊಂದು ತೊಡಕೂ ಇದೆ. ಇಂಥ ಸಾಮಾನುಗಳು ಒಂದು ಕಂತು ತಯಾರಾಗಿ ನಿಂತುಹೋಗುತ್ತವೆ, ಅದೇ ಕಿಟ್ ಮುಂದಿನ ವರ್ಷ ಮಾರುಕಟ್ಟೆಯಲ್ಲಿ ಇರುವುದೇ ಅನುಮಾನ. ಬದಲಿ ಕೊಡಲು ವಸ್ತುವೇ ಇಲ್ಲವೆಂದು ಕಂಪನಿ ಕೈಚೆಲ್ಲಿದರೆ ಬರೀ ಬದಲಿ ಕೇಳಿದ ದೂರು ಅಲ್ಲಿಗೇ ತೊಡಕಿಗೆ ಸಿಕ್ಕಬಹುದು. ಆದ್ದರಿಂದ ಮೊದಲ ಇಮೇಲ್‌ನಿಂದ ಹಿಡಿದು ಆಯೋಗದ ಅರ್ಜಿಯವರೆಗೆ ಬೇಡಿಕೆಯನ್ನು ಒಂದೇ ಮಾತಿನಲ್ಲಿ ಬರೆಯಬೇಕು: ದೋಷವಿರುವ ಭಾಗದ ಬದಲಿಗೆ ಹೊಸ ಭಾಗ, ಅದು ಇಲ್ಲದಿದ್ದರೆ ಅದೇ ಬಗೆಯ ಹೊಸ ವಸ್ತು, ಅದೂ ಇಲ್ಲದಿದ್ದರೆ ಕೊಟ್ಟ ಬೆಲೆ ಬಡ್ಡಿಯೊಡನೆ, ಮತ್ತು ಎಲ್ಲದರ ಜೊತೆಗೆ ಕೊರಿಯರ್ ಖರ್ಚು.